ಒದ್ದೆ ತಲೆ

ವಿಶಾಖಪಟ್ಟಣದ ಗಾಜುವಾಕದಲ್ಲಿರುವ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಮೇಲಿನ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯೊಂದು ತಲೆಗೆ ಹಳದಿ ರಬ್ಬರ್ ಟೋಪಿ ಹಾಕಿಕೊಂಡು ಕೂತಿದೆ. ಅದು ನನ್ನ ಈಜಿನ ಟೋಪಿ. ಹಣೆಯ ಕಡೆ ದಪ್ಪ ಕಪ್ಪು ಅಂಕಿಯಲ್ಲಿ ನನ್ನ ನಂಬರೂ ಇದೆ. ಜಾಡಿಯ ಮುಚ್ಚಳ ಕೈಜಾರಿ ಒಡೆದ ದಿನ ಅಮ್ಮ ನನ್ನ ಬೀರುವಿನೊಳಗೆ ಕೈಹಾಕಿ ಇದನ್ನು ಹುಡುಕಿ ತೆಗೆದು ಜಾಡಿಗೆ ತೊಡಿಸಿಬಿಟ್ಟಳು. ಬ್ಯಾಂಕಿನಿಂದ ಬಂದವನು ನೋಡಿ ಹೌಹಾರಿದೆ.

"ಅಮ್ಮಾ, ಅದು ಸಮುದ್ರಕ್ಕೆ ಹಾಕ್ಕೊಂಡು ಹೋಗೋದು" ಅಂದೆ.

"ಇಲ್ಲೂ ಉಪ್ಪೇ ತಾನೆ ಇರೋದು" ಅಂದಳು. "ಬಿಗಿಯಾಗಿ ಕೂರುತ್ತೆ ಕಣೋ ಸೀನ, ಒಂಚೂರೂ ಗಾಳಿ ಆಡಲ್ಲ. ಇನ್ನೊಂದು ಸಿಕ್ಕಿದ್ರೆ ತಗೊಂಬಾ, ಹುಣಸೆ ತೊಕ್ಕಿಗೂ ಆಗುತ್ತೆ."

ಇಂಥವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ನಮ್ಮಪ್ಪ ಬದುಕಿರುವ ತನಕ ಪ್ರಯತ್ನಪಟ್ಟು ಕೈಬಿಟ್ಟರು. ಈಗ ಊಟಕ್ಕೆ ಕೂತಾಗಲೆಲ್ಲ ಆ ಟೋಪಿ ಮೇಲಿನಿಂದ ನನ್ನನ್ನೇ ನೋಡುತ್ತಿರುತ್ತದೆ. ನನ್ನ ಹೊಟ್ಟೆ ಉರಿಯುತ್ತದೆ, ಆಮೇಲೆ ನಗು ಬರುತ್ತದೆ, ಆಮೇಲೆ ಇನ್ನೊಂದು ತುತ್ತು ಅನ್ನ ಕಲಸುತ್ತೇನೆ.

ಟ್ರಯಥ್ಲಾನ್ ಎಂಬ ಪೀಡೆಯ ಹೆಸರು ನೀವು ಕೇಳಿರಬಹುದು. ಕೇಳಿರದಿದ್ದರೆ ಪುಣ್ಯವಂತರು. ಮೊದಲು ಈಜಬೇಕು, ಎದ್ದು ಬಂದು ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ಇಷ್ಟನ್ನೂ ಒಬ್ಬನೇ, ಒಂದೇ ಬೆಳಿಗ್ಗೆ, ಹಿಂದಿನಿಂದ ನಾಯಿಯಾಗಲಿ ಪೊಲೀಸರಾಗಲಿ ಅಟ್ಟಿಸಿಕೊಂಡು ಬರದೆ ಇದ್ದರೂ ಮಾಡಬೇಕು. ಸ್ಪ್ರಿಂಟ್ ಎನ್ನುವುದು ಅದರಲ್ಲೇ ಚಿಕ್ಕದು. ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ಚಿಕ್ಕದು ಅಂತ ಹೇಳುವವರು ಅದನ್ನು ಮಾಡಿ ಮುಗಿಸಿದವರು, ನನ್ನ ಹಾಗೆ ಮಾಡಲು ಹೊರಟವರಲ್ಲ.

ಇದರೊಳಗೆ ನನ್ನನ್ನು ನೂಕಿದವನು ನಮ್ಮ ಶಾಖೆಯ ಅಪ್ಪಲರಾಜು. ಕ್ಯಾಶ್ ಕೌಂಟರಿನಲ್ಲಿ ಕೂರುವವನು. ದಿನವೂ ಅಷ್ಟು ದೂರದ ಅನಕಾಪಲ್ಲಿಯಿಂದ ಸೈಕಲ್ಲಿನಲ್ಲೇ ಬರುತ್ತಾನೆ, ಬಂದ ಮೇಲೂ ಬೆವರುವುದಿಲ್ಲ. ಅದೊಂದೇ ಸಾಕು ಅವನ ಮೇಲೆ ಸಿಟ್ಟು ಬರಲು. ನನ್ನ ರಕ್ತಪರೀಕ್ಷೆಯ ವಿಷಯ ಶಾಖೆಯಲ್ಲೆಲ್ಲ ಹರಡಿದಾಗ (ಬ್ಯಾಂಕಿನಲ್ಲಿ ಗ್ರಾಹಕರ ಗುಟ್ಟು ಉಳಿಯುತ್ತದೆ, ಮ್ಯಾನೇಜರನ ಗುಟ್ಟು ಉಳಿಯುವುದಿಲ್ಲ) ಎಲ್ಲರೂ ಹಾಗಲಕಾಯಿ, ಮೆಂತ್ಯ ಅಂತ ಉಪದೇಶ ಮಾಡಿದರೆ ಇವನೊಬ್ಬ ಋಷಿಕೊಂಡದ ಕಡಲತೀರದಲ್ಲಿ ಸ್ಪರ್ಧೆ ಇದೆ ಅಂತ ಸುದ್ದಿ ತಂದ. "ಸೀಸನ್ನಿನ ಮೊದಲನೇ ರೇಸು ಸಾರ್. ಮಳೆಗಾಲವೆಲ್ಲ ತಿಂದು ಮಲಗಿ ಎಲ್ಲರೂ ದಪ್ಪಗಾಗಿ ಬಂದಿರುತ್ತಾರೆ. ನಿಮಗೆ ಸರಿಹೋಗುತ್ತೆ" ಅಂದ. ಅವನು ಹೇಳಿದ್ದು ತೆಲುಗಿನಲ್ಲಿ. ಕನ್ನಡಕ್ಕೆ ತಂದರೂ ಅವಮಾನ ಅಷ್ಟೇ ಇದೆ.

ಬಟ್ಟೆ ಬದಲಾಯಿಸುವ ಜಾಗ ಎಲ್ಲಿರುತ್ತೆ ಅಂತ ಕೇಳಿದೆ. ನನಗೆ ಅದೇ ದೊಡ್ಡ ಚಿಂತೆ. ಕೆರೆಯಲ್ಲಾಗಲಿ ಹೊಳೆಯಲ್ಲಾಗಲಿ ಮಿಂದೆದ್ದವನು ಸೊಂಟಕ್ಕೆ ಟವೆಲ್ ಸುತ್ತಿ, ಒಂದು ಕೊನೆ ಹಲ್ಲಲ್ಲಿ ಕಚ್ಚಿಕೊಂಡು, ಒದ್ದೆಯದನ್ನು ಕೆಳಗೆ ಜಾರಿಸಿ ಒಣಗಿದ್ದನ್ನು ಮೇಲಕ್ಕೆಳೆದುಕೊಳ್ಳುವ ವಿದ್ಯೆ ನಮ್ಮ ಕಡೆ ಅಕ್ಷರಾಭ್ಯಾಸಕ್ಕಿಂತ ಮೊದಲು ಕಲಿಸುತ್ತಾರೆ.

"ಬದಲಾಯಿಸೋದೇ ಇಲ್ಲ ಸಾರ್" ಅಂದ ಅಪ್ಪಲರಾಜು. "ಒದ್ದೆಯಲ್ಲೇ ಹೋಗೋದು."

"ತಲೆ?"

"ತಲೆಗೇನು ಸಾರ್?"

ತಲೆಗೇನು ಅಂತ ಕೇಳಿದ ಮನುಷ್ಯನಿಗೆ ಏನಂತ ಹೇಳಲಿ. ಅವನು ನಮ್ಮ ಅಮ್ಮನ ಕೈಯಲ್ಲಿ ಬೆಳೆದವನಲ್ಲ. ಅಮ್ಮನ ವೈದ್ಯಶಾಸ್ತ್ರದ ಪ್ರಕಾರ ಲೋಕದ ಸಕಲ ರೋಗಗಳೂ ಹುಟ್ಟುವುದು ಒದ್ದೆ ತಲೆಯಿಂದ. ನೆಗಡಿ, ಕೆಮ್ಮು, ತಲೆನೋವು ಬಿಡಿ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಕಡಿಮೆ ತೆಗೆದಿದ್ದಕ್ಕೂ ಆ ದಿನ ಬೆಳಿಗ್ಗೆ ತಲೆ ಸರಿಯಾಗಿ ಒರೆಸಿಕೊಳ್ಳದೆ ಹೋಗಿದ್ದೇ ಕಾರಣ.

ಆದರೆ ತಲೆ ಒದ್ದೆಯಾಗುವ ಪ್ರಸಂಗ ನನ್ನ ಬಾಳಿನಲ್ಲಿ ಬಂದದ್ದೇ ಕಡಿಮೆ. ಅದಕ್ಕೆ ಇನ್ನೊಂದು ಕತೆ ಇದೆ.

ನಾನು ಹುಟ್ಟಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಹೆಸರಿಡುವ ದಿನ ನಂಜುಂಡ ಜೋಯಿಸರು ಬೆರಳು ಮಡಚಿ ಲೆಕ್ಕಹಾಕಿ, "ಎಲ್ಲಾ ಚೆನ್ನಾಗಿದೆ ತಾಯಿ, ಜಲಕಂಟಕ ಒಂದಿದೆ, ಹುಡುಗನ್ನ ನೀರಿಂದ ದೂರ ಇಟ್ಕೊಳ್ಳಿ" ಅಂದರಂತೆ. ಅಷ್ಟು ಹೇಳಿ ಬಾಳೆಎಲೆಯ ಮುಂದೆ ಕೂತು ಹೋಳಿಗೆ ಹೊಡೆದು ಹೋದರು. ಅವರಿಗೇನು. ಅನುಭವಿಸಿದವನು ನಾನು.

ಊರಿನ ಹುಡುಗರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ದುಡುಂ ದುಡುಂ ಅಂತ ಬೀಳುವಾಗ ನಾನು ಮೆಟ್ಟಿಲ ಮೇಲೆ ಅವರ ಚಡ್ಡಿಗಳನ್ನು ಕಾಯುತ್ತ ಕೂರುತ್ತಿದ್ದೆ. ಅದೂ ಅಮ್ಮನಿಗೆ ಗೊತ್ತಾಗದ ಹಾಗೆ. ಶಾಲೆಯಿಂದ ಪ್ರವಾಸ ಹೊರಟರೆ ಅಮ್ಮ ಮೇಷ್ಟ್ರನ್ನು ಅಡ್ಡಗಟ್ಟಿ, ದಾರಿಯಲ್ಲಿ ಹೊಳೆ ಇದೆಯಾ, ಅಣೆಕಟ್ಟು ಇದೆಯಾ ಅಂತ ವಿಚಾರಿಸುತ್ತಿದ್ದಳು. ಹೊಳೆ ಇಲ್ಲದ ಪ್ರವಾಸ ನಮ್ಮ ರಾಜ್ಯದಲ್ಲಿ ಎಲ್ಲಿದೆ ಹೇಳಿ. ಒಂದು ಸಲ ನನ್ನನ್ನು ಬಿಟ್ಟು ಹೋದ ಹುಡುಗರು ಬಂದು ಜಲಪಾತ ಹೇಗಿತ್ತು ಅಂತ ವರ್ಣಿಸಿದರು. ನಾನು ಕೇಳಿಸಿಕೊಂಡು ಮನೆಗೆ ಬಂದು ಹಂಡೆಯ ನೀರನ್ನು ಎತ್ತರದಿಂದ ಸುರಿದುಕೊಂಡೆ. ಅಮ್ಮ ಬಚ್ಚಲ ಬಾಗಿಲು ಬಡಿದಳು.

ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಕೂದಲು ಬೆಳ್ಳಗಾಯಿತು, ಕಂಟಕ ಮಾತ್ರ ಹಾಗೇ ಇತ್ತು. ಜೋಯಿಸರು ಅದಕ್ಕೆ ಕೊನೆಯ ತಾರೀಕು ಹೇಳಿರಲಿಲ್ಲ. ಬ್ಯಾಂಕಿನಲ್ಲಿ ಸಾಲಕ್ಕೂ ಒಂದು ಅವಧಿ ಅಂತ ಇರುತ್ತದೆ.

ವಿಜಯವಾಡಕ್ಕೆ ವರ್ಗವಾದಾಗ ನನಗೆ ಮೊದಲು ಹೊಳೆದದ್ದು ಕೃಷ್ಣಾ ನದಿ. ಅಷ್ಟು ದೊಡ್ಡ ನದಿಯ ಪಕ್ಕ ಈ ತಾಯಿಯನ್ನು ಕಟ್ಟಿಕೊಂಡು ಹೇಗೆ ಬದುಕುವುದು ಅಂತ. ಅವಳಿಗೋ ನದಿ ನೋಡುವ ಆಸೆ. ಹಬ್ಬ ಹುಣ್ಣಿಮೆ ಬಂದರೆ ಘಾಟಿಗೆ ಕರೆದುಕೊಂಡು ಹೋಗು ಅನ್ನುವಳು. ಹೋದರೆ ಏನು ಮಾಡುತ್ತಿದ್ದಳು ಗೊತ್ತೆ? ಆಂಧ್ರಕ್ಕೆ ಆಂಧ್ರವೇ ಅಲ್ಲಿ ಇಳಿದು ಮುಳುಗು ಹಾಕುತ್ತಿದ್ದರೆ ಇವಳು ಎಲ್ಲಕ್ಕಿಂತ ಮೇಲಿನ ಒಣ ಮೆಟ್ಟಿಲ ಮೇಲೆ ಕೂತು, ಮನೆಯಿಂದ ತಂದ ಚೊಂಬನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಹೋಗಮ್ಮ, ಒಂದು ಚೊಂಬು ತಗೊಂಬಂದು ತಲೆ ಮೇಲೆ ಹಾಕು" ಅನ್ನುವಳು. ನಾನು ಇಳಿಯಕೂಡದು ಸರಿ. ನೀನು ಇಳಿಯೋದಕ್ಕೇನು ರೋಗ ಅಂತ ಒಂದು ಸಲ ರೇಗಿಯೇಬಿಟ್ಟೆ. "ನನಗೆ ಇಷ್ಟೇ ಸಾಕು" ಅಂದಳು. ಪಕ್ಕದಲ್ಲಿದ್ದ ಮುದುಕಿಯರು ಇವಳ ಕಡೆ ಕನಿಕರದಿಂದ ನೋಡುತ್ತಿದ್ದರು. ಇಷ್ಟಕ್ಕೆ ಬಿಸಿಲಲ್ಲಿ ಎರಡು ಆಟೋ ಬದಲಾಯಿಸಿ ಬರಬೇಕಿತ್ತಾ, ನಲ್ಲಿ ನೀರು ಹಾಕಿಕೊಂಡರೆ ಆಗುತ್ತಿರಲಿಲ್ಲವೇ ಅಂತ ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ.

ಅದೇ ವಿಜಯವಾಡದಲ್ಲಿ ಮಗಳು ಮೇಘನಾ ಈಜು ಕಲಿಯಲು ಸೇರಿದಳು. ಅಮ್ಮ ಬೇಡ ಅನ್ನಲಿಲ್ಲ. "ಅವಳ ಜಾತಕದಲ್ಲಿ ಏನೂ ಇಲ್ಲ, ಇರೋದು ನಿನ್ನದರಲ್ಲಿ" ಅಂದಳು. ಹತ್ತು ವರ್ಷದ ಹುಡುಗಿ ಮೀನಿನ ಹಾಗೆ ಓಡಾಡುವುದನ್ನು ದಂಡೆಯಲ್ಲಿ ಅವಳ ಟವೆಲ್ ಹಿಡಿದು ನಿಂತು ನೋಡುತ್ತಿದ್ದೆ. ಬಾವಿಯ ಮೆಟ್ಟಿಲಿನಿಂದ ಕೊಳದ ದಂಡೆಗೆ ಬಡ್ತಿ ಸಿಕ್ಕಿತ್ತು, ಕೆಲಸ ಮಾತ್ರ ಅದೇ. ಒಂದು ದಿನ ಮಗಳು ನೀರಿನಿಂದ ತಲೆಯೆತ್ತಿ, "ನಾನ್ನಾ, ಮೀರೂ ರಂಡಿ, ಭಯಮಾ?" ಅಂದಳು. ಅಪ್ಪಾ, ನೀವೂ ಬನ್ನಿ, ಭಯವಾ ಅಂತ. ಅವಳ ಕನ್ನಡ ಅಷ್ಟೊತ್ತಿಗೆ ಅಜ್ಜಿಯ ಜೊತೆಗೆ ಮಾತ್ರ ಉಳಿದಿತ್ತು, ನನಗೆ ತೆಲುಗು. ಮಾರನೆಯ ದಿನ ನಾನೂ ಹೆಸರು ಕೊಟ್ಟೆ.

ಹೀಗೆ ನಲವತ್ತು ದಾಟಿದ ಮೇಲೆ, ಮೂರನೇ ತರಗತಿಯ ಮಕ್ಕಳ ನಡುವೆ, ಕಂಬಿ ಹಿಡಿದು ಕಾಲು ಬಡಿಯುತ್ತ ಈಜು ಕಲಿತೆ. ಅಮ್ಮನಿಗೆ ವಾಕಿಂಗ್ ಅಂತ ಹೇಳಿದ್ದೆ. ಸಮಸ್ಯೆ ತಲೆಯದೇ. ಅದನ್ನು ಒಣಗಿಸಲು ಸ್ಕೂಟರನ್ನು ಬಂದರ್ ರಸ್ತೆಯಲ್ಲಿ ಸುಮ್ಮನೆ ಎರಡು ಸುತ್ತು ಹೊಡೆಸಿ ಮನೆಗೆ ಹೋಗುತ್ತಿದ್ದೆ. ಅಮ್ಮ ಹತ್ತಿರ ಬಂದು ಮೂಗರಳಿಸಿ, "ಅದೇನೋ ಇದು, ಆಸ್ಪತ್ರೆ ವಾಸನೆ ಹೊಡೀತೀಯ" ಅನ್ನುವಳು. ರಸ್ತೆಗೆ ಬ್ಲೀಚಿಂಗ್ ಪುಡಿ ಹಾಕಿದ್ದಾರೆ ಅಂತ ಹೇಳುತ್ತಿದ್ದೆ. ದಿನವೂ ಬ್ಲೀಚಿಂಗ್ ಪುಡಿ ಹಾಕುವ ನಗರಸಭೆಯ ಬಗ್ಗೆ ಅಮ್ಮನಿಗೆ ತುಂಬಾ ಗೌರವ ಬೆಳೆಯಿತು.

ಆಮೇಲೆ ನಾಲ್ಕೈದು ವರ್ಷಕ್ಕೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಅಪ್ಪಲರಾಜು ಗಂಟುಬಿದ್ದ, ಉಳಿದದ್ದು ಹೇಳಿದೆನಲ್ಲ. ನನಗೆ ಆ ಸ್ಪರ್ಧೆಯಲ್ಲಿ ಬೇಕಾಗಿದ್ದು ಬಹುಮಾನವಲ್ಲ. ದೊಡ್ಡ ನೀರಿಗೆ ಒಂದು ಸಲ ಇಳಿದು, ನನ್ನಷ್ಟಕ್ಕೆ ನಾನೇ ಎದ್ದು ಬಂದು, ಮುಗಿಸಿದವರ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡು, ಅದನ್ನು ಅಮ್ಮನ ಮುಂದೆ ಇಟ್ಟು, "ನೋಡು, ಮುಗೀತು ನಿನ್ನ ಜೋಯಿಸರ ಕತೆ, ಇನ್ನು ನನ್ನ ಬಿಡು" ಅಂತ ಹೇಳಬೇಕಿತ್ತು. ಅಷ್ಟೇ. ಅಷ್ಟಕ್ಕೆ ಇಡೀ ಮಳೆಗಾಲ ಬೆಳಗಿನ ನಿದ್ದೆ ಬಿಟ್ಟಿದ್ದೆ. ಮುಗಿಸಿ ಬಂದ ಮೇಲೆ ಹೇಳುವ ಯೋಜನೆ, ಮೊದಲಲ್ಲ.

ಅಪ್ಪಲರಾಜು ಅದನ್ನೂ ಕೆಡಿಸಿದ. ಹಿಂದಿನ ದಿನ ಸಂಜೆ ನನ್ನ ಸೈಕಲ್ಲಿನ ಬ್ರೇಕು ನೋಡುತ್ತೇನೆ ಅಂತ ಮನೆಗೆ ಬಂದ. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಡುತ್ತ, ಬಲು ವಿನಯದಿಂದ, "ರೇಪು ಮೀ ಅಬ್ಬಾಯಿ ಸಮುದ್ರಂಲೋ ದೂಕುತುನ್ನಾರಮ್ಮಾ" ಅಂದ. ನಾಳೆ ನಿಮ್ಮ ಮಗ ಸಮುದ್ರಕ್ಕೆ ಹಾರುತ್ತಾರೆ. ಯಾವ ತಾಯಿಗೆ ಯಾರು ಹೀಗೆ ಹೇಳುತ್ತಾರೆ, ನೀವೇ ಹೇಳಿ.

ನಾನು ಗೋಳಾಟಕ್ಕೆ ಸಿದ್ಧನಾದೆ. ಅಮ್ಮ ಲೋಟ ತೆಗೆದುಕೊಂಡಳು. "ಎಷ್ಟು ಹೊತ್ತಿಗೆ?" ಅಂತ ಕೇಳಿದಳು. ಬೆಳಿಗ್ಗೆ ಆರಕ್ಕೆ ಅಂದೆ. ಒಳಗೆ ಹೋಗಿ ದೇವರ ಮುಂದೆ ಕೂತಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ನನಗಿಂತ ಮೊದಲೇ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಾಳೆ. "ನಾನೂ ಬರ್ತೀನಿ." ಬೇಡಮ್ಮ ಅಂದೆ. "ನಿನ್ನ ಕೇಳಲಿಲ್ಲ, ಹೇಳಿದೆ" ಅಂದಳು. ಕೈಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ರೇಸಿನ ಉಡುಪಿನ ಬೆನ್ನ ಜೇಬಿಗೆ ತುರುಕಿದಳು. ತಿಪಟೂರಿನ ಕೊಬ್ಬರಿ, ಅಪ್ಪಲರಾಜು ತಂದುಕೊಟ್ಟಿದ್ದ ಅನಕಾಪಲ್ಲಿ ಬೆಲ್ಲ. ಸುಸ್ತಾದಾಗ ತಿನ್ನಬೇಕಂತೆ. ಹೆಂಡತಿಗೆ ಆ ದಿನ ಕಾಲೇಜಿನಲ್ಲಿ ಪರೀಕ್ಷೆಯ ಡ್ಯೂಟಿ. ಬಾಗಿಲಲ್ಲಿ ನಿಂತು ಕೈಬೀಸಿ ಒಳಗೆ ಹೋಗಿ ನಕ್ಕಿರಬೇಕು. ನಾನು, ಅಮ್ಮ, ಮೇಘನಾ ಹೊರಟೆವು.

ಋಷಿಕೊಂಡದ ಮರಳಿನಲ್ಲಿ ನಿಂತು ಸುತ್ತ ನೋಡಿದೆ. ದಪ್ಪಗಾಗಿ ಬಂದವನು ನಾನೊಬ್ಬನೇ. ಉಳಿದವರೆಲ್ಲ ಒಣಗಿದ ನುಗ್ಗೆಕಾಯಿಯ ಹಾಗೆ ಇದ್ದರು. ಫಾರ್ಮಾ ಕಂಪನಿಯ ಹುಡುಗರು, ಆಸ್ಪತ್ರೆಯ ಡಾಕ್ಟರುಗಳು. ಅಲೆ ಅಪ್ಪಲರಾಜು ಹೇಳಿದ್ದಕ್ಕಿಂತ ಎತ್ತರವಾಗಿತ್ತು. ಸುಳ್ಳು ಯಾಕೆ, ಆ ಗಳಿಗೆಯಲ್ಲಿ ನಂಜುಂಡ ಜೋಯಿಸರು ಹೇಳಿದ್ದು ಸರಿಯೇನೋ ಅನ್ನಿಸಿತು.

ಎಲ್ಲರೂ ಸಾಲಾಗಿ ನಿಂತೆವು. ಮೈಕಿನವನು ಎಚ್ಚರಿಕೆ ಹೇಳಿದ. ಅಷ್ಟರಲ್ಲಿ ಹಿಂದಿನಿಂದ, "ಸೀನಾ, ಬಾ ಇಲ್ಲಿ."

ತಿರುಗಿ ನೋಡಿದರೆ ಅಮ್ಮ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅರಿಶಿನ, ಕುಂಕುಮ, ವೀಳ್ಯದೆಲೆ, ಎರಡು ಬಾಳೆಹಣ್ಣು, ಒಂದು ಡಜನ್ ಹಸಿರು ಬಳೆ ಜೋಡಿಸಿಟ್ಟಿದ್ದಾಳೆ. ಊದುಬತ್ತಿ ಗಾಳಿಗೆ ಹತ್ತುತ್ತಿಲ್ಲ. ಮೇಘನಾ ದುಪಟ್ಟಾ ಅಡ್ಡ ಹಿಡಿದಿದ್ದಾಳೆ.

"ಅಮ್ಮಾ, ಈಗ ಬಿಡ್ತಾರೆ."

"ಬಿಡ್ಲಿ. ಕೈಮುಗಿದು ಹೋಗು. ಯಾರ ಮನೆಗಾದ್ರೂ ಹೇಳದೆ ಕೇಳದೆ ನುಗ್ತಾರಾ?"

ಹೋಗಿ ಬಗ್ಗಿದೆ. ಹಣೆಗೆ ಕುಂಕುಮ ಇಡಲು ಟೋಪಿ ಮೇಲೆ ಸರಿಸಬೇಕು ಅಂದಳು. ಸರಿಸಿದೆ. ಆ ಟೋಪಿಯನ್ನು ಹಾಕಿಕೊಳ್ಳಲು ಎಷ್ಟು ಪಾಡುಪಟ್ಟಿದ್ದೆನೆಂದು ನನಗೊಬ್ಬನಿಗೇ ಗೊತ್ತು. ಕುಂಕುಮ ಬಿತ್ತು, ಹಾರನ್ ಕೂಗಿತು, ನುಗ್ಗೆಕಾಯಿಗಳೆಲ್ಲ ನೀರಿಗೆ ಓಡಿದವು. ನಾನು ಬಾಳೆಹಣ್ಣಿನ ಮುಂದೆ ಕೈಮುಗಿದು ನಿಂತಿದ್ದೆ.

ಓಡಿದೆ. ಮೊದಲನೇ ಅಲೆ ಎದೆಗೆ ಹೊಡೆಯಿತು, ಎರಡನೆಯದು ಬಾಯಿಗೆ. ಮೂರನೆಯದರ ಕೆಳಗೆ ನುಸುಳಿದೆ. ಆಮೇಲೆ ಒಮ್ಮೆಲೇ ಗದ್ದಲ ನಿಂತಿತು. ಅಲೆ ದಾಟಿದ ಮೇಲಿನ ನೀರು ಬೇರೆಯೇ ಇರುತ್ತದೆ. ಮೆಲ್ಲಗೆ ಎತ್ತುತ್ತದೆ, ಮೆಲ್ಲಗೆ ಇಳಿಸುತ್ತದೆ. ಇಷ್ಟು ವರ್ಷ ಇದನ್ನೇ ಇವರು ನನ್ನಿಂದ ಬಚ್ಚಿಟ್ಟಿದ್ದರಾ ಅಂತ ಅಲ್ಲೇ ಕೋಪ ಬಂತು. ಆ ಕೋಪದಲ್ಲೇ ಕೈ ಬೀಸಿದೆ.

ಎಲ್ಲರೂ ಮುಂದೆ ಹೋಗಿ, ಕಾವಲಿನ ದೋಣಿಯವನಿಗೆ ನೋಡಿಕೊಳ್ಳಲು ಉಳಿದದ್ದು ನಾನೊಬ್ಬನೇ. ಪಕ್ಕದಲ್ಲೇ ಹುಟ್ಟು ಹಾಕುತ್ತ, "ಬಾಗುನ್ನಾರಾ ಸಾರ್? ಎಕ್ಕುತಾರಾ?" ಅಂದ. ಚೆನ್ನಾಗಿದ್ದೀರಾ, ಹತ್ತುತ್ತೀರಾ ಅಂತ. ಬೇಡ ಅಂದೆ. ಸ್ವಲ್ಪ ದೂರ ಹೋಗಿ ಮತ್ತೆ, "ಎಕ್ಕುತಾರಾ?" ಗಾಜುವಾಕ ಜಂಕ್ಷನ್ನಿನ ಆಟೋದವರೂ ಇಷ್ಟು ಸಲ ಕೇಳುವುದಿಲ್ಲ. ಬೇಡ ಅನ್ನಲು ಬಾಯಿ ತೆರೆದಾಗಲೆಲ್ಲ ಬಂಗಾಳಕೊಲ್ಲಿಯ ಒಂದು ಪಾವು ನೀರು ಒಳಗೆ ಹೋಗುತ್ತಿತ್ತು. ಕೊನೆಗೆ ಕೈಸನ್ನೆ ಮಾಡಿದೆ. ಅವನು ಅದನ್ನು ಮುಳುಗುತ್ತಿದ್ದೇನೆ ಅಂತ ತಿಳಿದು ಇನ್ನೂ ಹತ್ತಿರ ಬಂದ.

ಹಿಂತಿರುಗುವಾಗ ದಡ ಕಾಣಿಸಿತು. ಹಸಿರು ಸೀರೆ ಕಾಣಿಸಿತು. ಅಮ್ಮ ನೀರಿನ ಅಂಚಿನಲ್ಲಿ ನಿಂತಿದ್ದಳು. ಅಲೆ ಮೇಲೆ ಬಂದಾಗ ಹಿಂದೆ ಹೆಜ್ಜೆ ಇಡುತ್ತಿದ್ದಳು, ಇಳಿದಾಗ ಮುಂದೆ ಬರುತ್ತಿದ್ದಳು. ಕಾಲಿಗೆ ಒಂದು ಹನಿ ತಗಲಿಸಿಕೊಳ್ಳಲಿಲ್ಲ. ಅಷ್ಟು ದೂರದಿಂದಲೂ ನನಗೆ ರೇಗಿತು. ಮಗ ಕುತ್ತಿಗೆಯ ತನಕ ಸಮುದ್ರದಲ್ಲಿದ್ದಾನೆ, ಇವಳಿಗೆ ಸೀರೆಯ ಅಂಚಿನ ಚಿಂತೆ.

ಎದ್ದೆ. ನನ್ನ ಕಾಲಿನ ಮೇಲೇ ಎದ್ದೆ. ಕೊನೆಯವನಾದರೇನಂತೆ, ಈಜಿಗೆ ಕೊಟ್ಟ ಹೊತ್ತು ಇನ್ನೂ ಮುಗಿದಿರಲಿಲ್ಲ. ಸೈಕಲ್ ನಿಲ್ಲಿಸಿದ ಕಡೆಗೆ ಓಡಿದೆ. ಅಲ್ಲಿಗೆ ಹಗ್ಗ ಕಟ್ಟಿರುತ್ತಾರೆ, ಸ್ಪರ್ಧಿಗಳ ಹೊರತು ಇನ್ಯಾರೂ ಒಳಗೆ ಬರುವ ಹಾಗಿಲ್ಲ. ಟೋಪಿ ಕಿತ್ತು ಎಸೆದು ಹೆಲ್ಮೆಟ್ಟಿಗೆ ಕೈ ಚಾಚಿದ್ದೇ ತಡ, ತಲೆಯ ಮೇಲೆ ಟವೆಲ್ ಬಿತ್ತು.

ಅಮ್ಮ ಹಗ್ಗದ ಕೆಳಗೆ ನುಸುಳಿ ಬಂದಿದ್ದಳು. "ಬಗ್ಗು" ಅಂದಳು.

ನೀವು ಕೇಳಬಹುದು, ಓಡಿಬಿಡಬಹುದಿತ್ತಲ್ಲ ಅಂತ. ನಾನೂ ಕೇಳಿಕೊಂಡಿದ್ದೇನೆ. ಆದರೆ ತಲೆಯ ಮೇಲೆ ಅಮ್ಮನ ಟವೆಲ್ ಬಿದ್ದ ಕೂಡಲೇ ನನ್ನ ಕತ್ತು ತಾನಾಗಿ ಬಗ್ಗುತ್ತದೆ. ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಅವಳು ಉಜ್ಜಿದಳು. ನೆತ್ತಿ ಉಜ್ಜಿ, ಕಿವಿಯ ಹಿಂದೆ ಉಜ್ಜಿ, ಟವೆಲ್ಲಿನ ತುದಿ ಹುರಿಮಾಡಿ ಕಿವಿಯೊಳಗೆ ತಿರುವಿದಳು. ಅಷ್ಟರಲ್ಲಿ ಸೀಟಿ ಕೇಳಿಸಿತು.

ತೀರ್ಪುಗಾರ್ತಿ ಚಿಕ್ಕ ಹುಡುಗಿ, ಮೇಘನಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಪಾಪ, ಅವಳ ಮುಖವೇ ಬಾಡಿಹೋಗಿತ್ತು. ಸ್ಪರ್ಧೆಯ ನಡುವೆ ಹೊರಗಿನವರ ಸಹಾಯ ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡರೆ ಹೆಸರು ಹೊಡೆದುಹಾಕಬೇಕು, ಸಾರೀ ಸಾರ್ ಅಂದಳು.

"ಇದು ಸಹಾಯವೇನಮ್ಮಾ? ಇದು ತೊಂದರೆ" ಅಂದೆ. ಮನಸ್ಸಿಟ್ಟೇ ಹೇಳಿದೆ.

ಮೇಘನಾ ಹಗ್ಗದ ಆಚೆಯಿಂದ, "ಮಾ ನಾನಮ್ಮ ಅಕ್ಕಾ, ಆಮೆಕಿ ರೂಲ್ಸ್ ತೆಲೀವು" ಅಂತ ಬೇಡಿಕೊಂಡಳು. ಅಜ್ಜಿಗೆ ನಿಯಮ ಗೊತ್ತಿಲ್ಲ ಅಂತ.

"ಏನಂತೆ ಆ ಹುಡುಗಿ?" ಅಂದಳು ಅಮ್ಮ, ಉಜ್ಜುವುದನ್ನು ನಿಲ್ಲಿಸದೆ.

"ನೀನು ತಲೆ ಒರೆಸಿದ್ದಕ್ಕೆ ನನ್ನ ಹೆಸರು ತೆಗೆದುಹಾಕ್ತಾರಂತೆ."

ಅಮ್ಮ ಆ ಹುಡುಗಿಯ ಕಡೆ ತಿರುಗಿ, ತನಗೆ ಬರುವ ತೆಲುಗಿನಲ್ಲಿ, ಸಮಾಧಾನವಾಗಿ, "ಜಲುಬು ಚೇಸ್ತುಂದಮ್ಮಾ" ಅಂದಳು. ನೆಗಡಿ ಆಗುತ್ತೆ ಕಣಮ್ಮ. ಅದಕ್ಕಿಂತ ಮಿಗಿಲಾದ ಕಾರಣ ಇನ್ನೇನಿದೆ ಎನ್ನುವ ಹಾಗಿತ್ತು ಅವಳ ದನಿ. ಹುಡುಗಿ ಹಣೆ ಒತ್ತಿಕೊಂಡಳು. ಬೇಕಿದ್ದರೆ ಓಡಿ ಮುಗಿಸಬಹುದು, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ ಅಂದಳು.

ಇಡೀ ಮಳೆಗಾಲದ ನಿದ್ದೆ ಹೋದದ್ದು ಆ ಪಟ್ಟಿಗೆ. ನನಗೆ ಅಳು ಬಂತು ಅಂದರೆ ನೀವು ನಗಬೇಡಿ. ಸಮುದ್ರ ಬಿಟ್ಟುಕೊಟ್ಟಿತು, ಇವಳು ಬಿಡಲಿಲ್ಲ. "ಸಾಕಾಯ್ತಾ ನಿನಗೆ?" ಅಂತ ಅಮ್ಮನ ಮೇಲೆ ಕೂಗಾಡಿದೆ. ಅವಳು ಟವೆಲ್ ಮಡಚಿದಳು. "ಈಗ ಹೋಗು" ಅಂದಳು.

ಹೋದೆ. ಸಿಟ್ಟಿನಲ್ಲಿ ಮನೆಗೆ ಹೋಗಿಬಿಡೋಣವೆಂದರೆ ಕಾರಿನ ಕೀಲಿ ಮೇಘನಾ ಹತ್ತಿರ ಇತ್ತು. ಅದಕ್ಕೇ ಸೈಕಲ್ ಹತ್ತಿದೆ. ಭೀಮಿಲಿ ರಸ್ತೆ ನೋಡಲು ಬಲು ಚೆಂದ, ಕಾರಿನಲ್ಲಿ ಕೂತು ನೋಡಿದರೆ. ಸೈಕಲ್ಲಿನಲ್ಲಿ ಅದಕ್ಕೆ ಏರು ಮಾತ್ರ ಇದೆ, ಇಳಿಜಾರು ಇಲ್ಲ. ಗಾಳಿ ಹೋಗುವಾಗಲೂ ಎದುರು, ಬರುವಾಗಲೂ ಎದುರು; ಇದು ಹೇಗೆ ಸಾಧ್ಯ ಅಂತ ಭೂಗೋಳ ಓದಿದವರು ಹೇಳಬೇಕು. ಅಪ್ಪಲರಾಜು ಎದುರಿನಿಂದ ಬಾಣದ ಹಾಗೆ ಬಂದು, "ಸೂಪರ್ ಸಾರ್" ಅಂತ ಕೂಗಿ ಮಾಯವಾದ. ಯಾವುದು ಸೂಪರ್ ಅಂತ ಕೇಳಲು ಸಿಗಲಿಲ್ಲ. ಜೇಬಿನ ಬೆಲ್ಲ ನೀರು ಬೆವರು ಕುಡಿದು ಪಾಕವಾಗಿ ಕೊಬ್ಬರಿಗೆ ಅಂಟಿಕೊಂಡಿತ್ತು. ತಿನ್ನಬಾರದು ಅಂತ ಹಟ ಮಾಡಿದೆ. ವಾಪಸು ಬರುವಾಗ ತಿಂದೆ. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಓಟದ ವಿಷಯ ಹೆಚ್ಚು ಹೇಳುವುದಿಲ್ಲ, ಅದು ಓಟವಾಗಿರಲಿಲ್ಲ. ಕಡಲ ರಸ್ತೆಯಲ್ಲಿ ವಾಕಿಂಗ್ ಬಂದ ಮುದುಕರೊಬ್ಬರು ನನ್ನ ಜೊತೆಗೇ ನಡೆಯುತ್ತ, ನಾನು ಯಾವ ಬ್ಯಾಂಕು, ಹಿರಿಯ ನಾಗರಿಕರಿಗೆ ಬಡ್ಡಿ ಎಷ್ಟು ಅಂತ ವಿಚಾರಿಸಿ, ಆಮೇಲೆ ಬೇಸತ್ತು ಮುಂದೆ ಹೋದರು. ಮುಗಿಯುವ ಗೆರೆಗೆ ಬಂದಾಗ ಗಾಳಿ ತುಂಬಿದ್ದ ಕಮಾನನ್ನು ಇಳಿಸುತ್ತಿದ್ದರು. ಅರ್ಧ ಬಾಗಿದ ಕಮಾನಿನ ಕೆಳಗೆ ತಲೆ ತಗ್ಗಿಸಿ ನುಸುಳಿದೆ. ಸ್ವಯಂಸೇವಕರು ಪುಳಿಯೋಗರೆ ತಿನ್ನುತ್ತಿದ್ದರು. ತೀರ್ಪುಗಾರ್ತಿ ಹುಡುಗಿ ಪೊಟ್ಟಣ ಕೆಳಗಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಪದಕ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ.

ಅಮ್ಮ ಮರಳಿನ ಮೇಲೆ ಕೂತಿದ್ದಳು. ಹತ್ತಿರ ಹೋಗಿ ಬಿದ್ದುಕೊಂಡೆ. ಮಾತಾಡಬಾರದು ಅಂತ ತೀರ್ಮಾನಿಸಿದ್ದೆ.

"ಮುಗೀತಾ?" ಅಂದಳು.

"ಮುಗೀತು."

"ಇನ್ನೇನೂ ಇಲ್ವಾ? ಮತ್ತೆ ನೀರಿಗೆ ಹೋಗೋದಿದೆಯಾ?"

"ಇಲ್ಲಮ್ಮ, ಎಲ್ಲಾ ಆಯ್ತು. ನೀನು ಒರೆಸಿದ್ದೂ ಆಯ್ತು, ನನ್ನ ಹೆಸರು ಹೋಗಿದ್ದೂ ಆಯ್ತು."

ಅಮ್ಮ ಕನ್ನಡಕ ತೆಗೆದು ಮೇಘನಾಗೆ ಕೊಟ್ಟಳು. ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದನ್ನ ಹಿಡ್ಕೋ" ಅಂತ ಟವೆಲ್ ನನ್ನ ಮೇಲೆ ಹಾಕಿ ನೀರಿನ ಕಡೆ ನಡೆದಳು. ಅಂಚಿನಲ್ಲಿ ಈ ಸಲ ಹಿಂದೆ ಸರಿಯಲಿಲ್ಲ. ಅಲೆ ಬಂದು ಅವಳ ಕಾಲು ಮುಚ್ಚಿತು.

"ಅಜ್ಜೀ, ಏನ್ ಮಾಡ್ತಿದೀಯ?" ಮೇಘನಾ ಕೂಗಿದಳು.

ಅಮ್ಮ ತಿರುಗಿದಳು. "ನಿಮ್ಮಪ್ಪ ಹುಟ್ಟಿ, ಜೋಯಿಸರು ಹಂಗಂದ್ರಲ್ಲ, ಅವತ್ತೇ ಕೆರೆ ಏರಿ ಮೇಲೆ ನಿಂತು ಗಂಗಮ್ಮನಿಗೆ ಹೇಳಿದ್ದೆ. ನೀನು ನನ್ನ ಮಗನ ತಂಟೆಗೆ ಬರಬೇಡ, ನಾನು ನಿನ್ನೊಳಗೆ ಕಾಲಿಡಲ್ಲ ಅಂತ. ಅವಳು ಇವತ್ತು ಇವನ್ನ ಒಳಕ್ಕೆ ಕರ್ಕೊಂಡು ತಾನೇ ವಾಪಸ್ ಕಳಿಸಿದಾಳೆ. ಇನ್ನು ನನಗೂ ಅವಳಿಗೂ ಏನು ಜಗಳ?"

ನಾನು ಎದ್ದು ಕೂತೆ. ವಿಜಯವಾಡದ ಆ ಒಣ ಮೆಟ್ಟಿಲು ನೆನಪಾಯಿತು. ಆ ಚೊಂಬು, ಕನಿಕರದಿಂದ ನೋಡುತ್ತಿದ್ದ ಆ ಮುದುಕಿಯರು, ದಾರಿಯುದ್ದಕ್ಕೂ ಗೊಣಗಿದ ನಾನು. ಬಾವಿಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದೆ ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಅವಳು ಅಷ್ಟೊತ್ತಿಗೆ ಮಂಡಿಯುದ್ದಕ್ಕೆ ಇಳಿದಿದ್ದಳು. ದೊಡ್ಡ ಅಲೆಯೊಂದು ಬರುತ್ತಿತ್ತು. "ಅಮ್ಮಾ, ಸಾಕು, ಬಾ ಈಚೆಗೆ" ಅಂದೆ. ಕೇಳಿಸಿಕೊಳ್ಳಲಿಲ್ಲ. ಓಡಿ ಹೋಗಿ ಅವಳ ತೋಳು ಹಿಡಿದೆ.

"ಕೈ ಬಿಡೋ" ಅಂದಳು. "ಹಿಡ್ಕೊಂಡ್ರೆ ಹೆಸರು ತೆಗೀತಾರೆ."

ಬಿಟ್ಟೆ. ಹಿಂದೆ ಬಂದು ಮರಳಿನಲ್ಲಿ, ಟವೆಲ್ ಹಿಡಿದು ನಿಂತೆ. ಅವಳು ಸೊಂಟದ ತನಕ ಹೋದಳು. ಮೂಗು ಹಿಡಿದು ಮುಳುಗಿದಳು. ಎದ್ದಳು, ಮತ್ತೆ ಮುಳುಗಿದಳು. ಮೂರನೆಯ ಸಲ ಏಳುವುದು ತಡವಾಯಿತು ಅನ್ನಿಸಿತು. ಎದ್ದಳು. ನಗುತ್ತಿದ್ದಳು. ಅಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನೀರಿಳಿಯುತ್ತಿದ್ದ ಸೀರೆ ಎಳೆದುಕೊಂಡು ಹತ್ತಿರ ಬಂದಳು. ಬೆಳ್ಳಗಿನ ಕೂದಲು ಕೆನ್ನೆಗೆ ಅಂಟಿಕೊಂಡಿತ್ತು. ಟವೆಲ್ಲಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ.

"ಬಗ್ಗು" ಅಂದೆ.

ಬಗ್ಗಿದಳು.